ಕಾರು ಒಬ್ಬರದು, ದಾರಿ ಐವರದು: ಪೆಟ್ರೋಲ್ ಖರ್ಚನ್ನು ಅಂದಾಜು ಮಾಡುವುದು, ಹಂಚುವುದು ಹೇಗೆ?

ದಾರಿಹೋಕ
ಮುಂದಿನ ತಿಂಗಳು ಗೆಳೆಯರು ಸೇರಿ ಕಾರಿನಲ್ಲಿ ಹೊರಟಿದ್ದೇವೆ. ಹೋಗಲು 600 ಕಿಲೋಮೀಟರ್, ಬರಲು 600. ಕಾರು ಗೆಳೆಯನದು, ಲೆಕ್ಕ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಹೊರಡುವಾಗ ಮೂವರು. 200 ಕಿ.ಮೀ. ಆದ ಮೇಲೆ ಇನ್ನಿಬ್ಬರು ಹತ್ತುತ್ತಾರೆ. ಆ ಇಬ್ಬರಲ್ಲಿ ಒಬ್ಬಳು ಊರು ತಲುಪಿದ ಮೇಲೆ ಅಲ್ಲೇ ಉಳಿಯುತ್ತಾಳೆ. ಇನ್ನೊಬ್ಬ ವಾಪಸ್ ಬರುವಾಗ ಹತ್ತಿದಲ್ಲೇ ಇಳಿಯುತ್ತಾನೆ.

ಕಂಪನಿಯ ಪುಸ್ತಿಕೆಯಲ್ಲಿ ಲೀಟರಿಗೆ 22 ಕಿ.ಮೀ. ಎಂದಿದೆ. ಕಾರಿನ ಗೆಳೆಯ ಹೇಳುವುದೇ ಬೇರೆ: "ಹೋಗುವಾಗ 20 ಕೊಡುತ್ತದೆ. ಬರುವಾಗ ಏರುದಾರಿ, ಮೇಲೆ ಸಾಮಾನು, 12 ಕೊಟ್ಟರೆ ಹೆಚ್ಚು. ಸರಾಸರಿ 16 ಎಂದು ಹಿಡಿ." ಯಾವುದನ್ನು ನಂಬಲಿ? ಖರ್ಚನ್ನು ಐದು ಸಮಪಾಲು ಮಾಡುವುದು ನ್ಯಾಯವೇ? ಟೈರು, ಆಯಿಲ್, ಗಾಡಿಯ ಸವೆತಕ್ಕೆ ಗೆಳೆಯನಿಗೆ ಏನಾದರೂ ಕೊಡಬೇಕೇ? ಅವನು ಬಾಯಿ ಬಿಟ್ಟು ಕೇಳುವವನಲ್ಲ, ಅದಕ್ಕೇ ನಾನು ಇಲ್ಲಿ ಕೇಳುತ್ತಿದ್ದೇನೆ. ಪೆಟ್ರೋಲ್ ಬೆಲೆ ಏರುತ್ತದೆ, ಇಳಿಯುತ್ತದೆ. ಆದ್ದರಿಂದ ಲೀಟರ್ ಲೆಕ್ಕದಲ್ಲೇ ಹೇಳಿ.

ಗೇರುಬದಲಿ
ಐದು ಪಾಲು ಮಾಡಿ ಮುಗಿಸಿ. ಗೆಳೆತನದ ನಡುವೆ ದಶಮಾಂಶ ತರಬೇಡಿ.

ಲೆಕ್ಕಿಗ
ಪಾಲಿನ ಮಾತು ಆಮೇಲೆ. ಮೊದಲು ಆ 16 ತಪ್ಪು. ಹೋಗುವಾಗ 600 ಕಿ.ಮೀ.ಗೆ ಲೀಟರಿಗೆ 20ರಂತೆ 30 ಲೀಟರ್. ಬರುವಾಗ 12ರಂತೆ 50 ಲೀಟರ್. ಒಟ್ಟು 80. ಈಗ 1,200ನ್ನು 80ರಿಂದ ಭಾಗಿಸಿ: 15 ಬರುತ್ತದೆ. 16 ಎಂದು ಹಿಡಿದಿದ್ದರೆ 75 ಲೀಟರ್ ಎಂದುಕೊಂಡು ಹೊರಡುತ್ತಿದ್ದಿರಿ. ಆ ಐದು ಲೀಟರನ್ನು ಕೊನೆಗೆ ಯಾರು ಕೈಯಿಂದ ಹಾಕುತ್ತಾರೆ? ಹೆಚ್ಚಿನ ಸಲ ಕಾರಿನವರೇ.

ದಾರಿಹೋಕ
20 ಮತ್ತು 12 ಕೂಡಿಸಿ ಎರಡರಿಂದ ಭಾಗಿಸಿದರೆ 16 ಅಲ್ಲವೇ? ದೂರ ಎರಡೂ ಕಡೆ ಒಂದೇ ಇದೆ.

ಲೆಕ್ಕಿಗ
ದೂರ ಒಂದೇ, ಲೀಟರ್ ಒಂದೇ ಅಲ್ಲ. ಮೈಲೇಜ್ ಕಡಿಮೆಯಾದ ದಾರಿಯಲ್ಲಿ ಹೆಚ್ಚು ಇಂಧನ ಸುಡುವುದರಿಂದ ಒಟ್ಟು ಲೆಕ್ಕದಲ್ಲಿ ಅದರ ತೂಕವೇ ಹೆಚ್ಚು. ಈ ಗೊಂದಲವೇ ಬೇಡ ಎಂದರೆ ಎಷ್ಟೋ ದೇಶಗಳಲ್ಲಿ ಬಳಸುವ ಹಾಗೆ 100 ಕಿ.ಮೀ.ಗೆ ಎಷ್ಟು ಲೀಟರ್ ಎಂದು ಬರೆದುಕೊಳ್ಳಿ. ನಿಮ್ಮ 20 ಎಂದರೆ 100 ಕಿ.ಮೀ.ಗೆ 5 ಲೀಟರ್, 12 ಎಂದರೆ 8.33. ಇವುಗಳ ಸರಾಸರಿ 6.67. ಅದನ್ನು 12ರಿಂದ ಗುಣಿಸಿದರೆ ನೇರವಾಗಿ 80 ಲೀಟರ್.

ಡ್ಯೂಕ್ ವಿಶ್ವವಿದ್ಯಾಲಯದ ರಿಚರ್ಡ್ ಲ್ಯಾರಿಕ್ ಮತ್ತು ಜ್ಯಾಕ್ ಸೋಲ್ 2008ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಇದನ್ನೇ ಬರೆದರು: ಒಂದು ಗ್ಯಾಲನ್‌ಗೆ ಎಷ್ಟು ದೂರ ಎಂಬ ಅಳತೆ ಜನರನ್ನು ದಾರಿ ತಪ್ಪಿಸುತ್ತದೆ. ನೀವೇ ಲೆಕ್ಕ ಹಾಕಿ ನೋಡಿ. ಲೀಟರಿಗೆ 8 ಕೊಡುವ ಗಾಡಿ ಬಿಟ್ಟು 10 ಕೊಡುವುದನ್ನು ತಂದರೆ 1,000 ಕಿ.ಮೀ.ಗೆ 25 ಲೀಟರ್ ಉಳಿಯುತ್ತದೆ. 20ರದ್ದನ್ನು ಬಿಟ್ಟು 25ರದ್ದನ್ನು ತಂದರೆ ಉಳಿಯುವುದು 10 ಲೀಟರ್ ಮಾತ್ರ. ಕಣ್ಣಿಗೆ ಎರಡನೆಯದೇ ದೊಡ್ಡ ಜಿಗಿತವಾಗಿ ಕಾಣುತ್ತದೆ.

ಕಿಟಕಿಪಕ್ಕ
ಹಾಗಾದರೆ ಕಂಪನಿ ಹೇಳುವ 22 ಸುಳ್ಳೇ?

ಮೈಲಿಗಲ್ಲು
ಸುಳ್ಳಲ್ಲ, ಆದರೆ ಅದು ನಿಮ್ಮ ದಾರಿಯ ಅಂಕಿಯಲ್ಲ. ಪ್ರಯೋಗಾಲಯದಲ್ಲಿ ಉರುಳೆಗಳ ಮೇಲೆ ಗಾಡಿ ನಿಲ್ಲಿಸಿ, ಗೊತ್ತುಪಡಿಸಿದ ವೇಗದ ಕ್ರಮದಲ್ಲಿ ಓಡಿಸಿ ಪಡೆದ ಅಂಕಿ ಅದು. ಒಂದು ಗಾಡಿಯನ್ನು ಇನ್ನೊಂದರ ಜೊತೆ ಹೋಲಿಸಲು ಒಳ್ಳೆಯದು, ಪ್ರವಾಸದ ಖರ್ಚು ಹಿಡಿಯಲು ಅಲ್ಲ. ಯುರೋಪಿನಲ್ಲಿ ಹಳೆಯ ಎನ್‌ಇಡಿಸಿ ಪರೀಕ್ಷೆ ವಾಸ್ತವಕ್ಕೆ ದೂರವಾಗಿದೆ ಎಂದೇ 2017ರಿಂದ ಡಬ್ಲ್ಯುಎಲ್‌ಟಿಪಿ ಎಂಬ ಹೊಸ ಪರೀಕ್ಷೆಯನ್ನು ತಂದರು.

ಸರಿಯಾದ ಅಂಕಿ ನಿಮಗೇ ಸಿಗುತ್ತದೆ. ಬಂಕಿನಲ್ಲಿ ಟ್ಯಾಂಕ್ ತುಂಬಿಸಿ. ನಳಿಕೆ ತಾನಾಗಿ 'ಟಕ್' ಎಂದು ನಿಂತ ಕೂಡಲೇ ಸಾಕು ಎನ್ನಿ. ಟ್ರಿಪ್ ಮೀಟರನ್ನು ಸೊನ್ನೆಗೆ ತನ್ನಿ. ಮುಕ್ಕಾಲು ಟ್ಯಾಂಕ್ ಖಾಲಿಯಾಗುವವರೆಗೆ ಓಡಿಸಿ, ಮತ್ತೆ ಮೊದಲ ಟಕ್‌ವರೆಗೆ ತುಂಬಿಸಿ. ಓಡಿದ ಕಿಲೋಮೀಟರನ್ನು ಎರಡನೆಯ ಸಲ ಹಿಡಿದ ಲೀಟರಿನಿಂದ ಭಾಗಿಸಿ. ಎಲ್ಲಿ ನಿಲ್ಲುತ್ತದೆ ಎಂಬುದರಲ್ಲಿ ಪ್ರತಿ ಸಲವೂ ಸ್ವಲ್ಪ ಹೆಚ್ಚುಕಡಿಮೆ ಇದ್ದೇ ಇರುತ್ತದೆ, ಆದ್ದರಿಂದ ಒಂದು ಸಲದ ಲೆಕ್ಕಕ್ಕಿಂತ ಮೂರ್ನಾಲ್ಕು ಸಲದ್ದನ್ನು ಕೂಡಿಸಿ ನೋಡುವುದು ಮೇಲು. ಡ್ಯಾಶ್‌ಬೋರ್ಡ್ ತೋರಿಸುವ ಸರಾಸರಿಯನ್ನು ಪೂರ್ತಿ ನಂಬಬೇಡಿ, ಬಹಳ ಗಾಡಿಗಳಲ್ಲಿ ಅದು ಸ್ವಲ್ಪ ಉಬ್ಬಿಸಿಯೇ ಹೇಳುತ್ತದೆ.

ಬೆಳಗಿನ_ಸವಾರಿ
ಟಕ್ ಎಂದ ಮೇಲೂ ಇನ್ನಷ್ಟು ಹಿಡಿಯುತ್ತದೆ, ಕುತ್ತಿಗೆಯವರೆಗೆ ತುಂಬಿಸಿ. ಬೆಳಗಿನ ಜಾವವೇ ತುಂಬಿಸಿ, ತಂಪಿನಲ್ಲಿ ಪೆಟ್ರೋಲ್ ಗಟ್ಟಿಯಾಗಿರುತ್ತದೆ, ಒಂದು ಲೀಟರಿನಲ್ಲಿ ಹೆಚ್ಚು ಬರುತ್ತದೆ.

ಮೈಲಿಗಲ್ಲು
ಎರಡಕ್ಕೂ ನನ್ನ ತಕರಾರಿದೆ. ಟಕ್ ಆದ ಮೇಲೆ ಒತ್ತಿ ತುಂಬಿಸಿದರೆ ಆವಿ ಹಿಡಿಯಲು ಇಟ್ಟ ಇದ್ದಿಲಿನ ಡಬ್ಬಿಗೆ ದ್ರವವೇ ನುಗ್ಗಿ ಅದು ಕೆಡಬಹುದು. ಇನ್ನು ತಂಪಿನ ಮಾತು: 10 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸಕ್ಕೆ ಪೆಟ್ರೋಲ್ ಹಿಗ್ಗುವುದು ಸುಮಾರು ಶೇ 1ರಷ್ಟು. ಅದೂ ಬಂಕಿನ ಟ್ಯಾಂಕ್ ನೆಲದಡಿ ಇರುವುದರಿಂದ ಬೆಳಗಿಗೂ ಮಧ್ಯಾಹ್ನಕ್ಕೂ ಅಷ್ಟು ವ್ಯತ್ಯಾಸವೇ ಆಗುವುದಿಲ್ಲ. ನಿದ್ದೆಗೆಟ್ಟು ಹೋಗಿ ಸಾಲಿನಲ್ಲಿ ನಿಲ್ಲುವಂಥದ್ದೇನೂ ಅದರಲ್ಲಿಲ್ಲ.

ಬೆಳಗಿನ_ಸವಾರಿ
ಬೆಳಗ್ಗೆ ಸಾಲೇ ಇರುವುದಿಲ್ಲ. ಅದೊಂದೇ ಲಾಭ ಸಾಕು ನನಗೆ.

ನಿಧಾನಗತಿ
ಮೈಲೇಜ್ ಅಳೆದ ದಿನ ಒಬ್ಬರೇ ಕುಳಿತು ಹೋಗಿರುತ್ತೀರಿ, ಹೊರಡುವ ದಿನ ಐವರು, ಮೇಲೆ ಸಾಮಾನು. ಆ ವ್ಯತ್ಯಾಸವನ್ನು ಸೇರಿಸದಿದ್ದರೆ ಅಳೆದೂ ಪ್ರಯೋಜನವಿಲ್ಲ. ಅಮೆರಿಕದ ಇಂಧನ ಇಲಾಖೆಯ ಅಂದಾಜಿನ ಪ್ರಕಾರ ಹೆದ್ದಾರಿಯಲ್ಲಿ ಚಾವಣಿಯ ಮೇಲಿನ ದೊಡ್ಡ ಪೆಟ್ಟಿಗೆ ಮೈಲೇಜನ್ನು ಶೇ 6ರಿಂದ 17ರಷ್ಟು ತಿನ್ನುತ್ತದೆ. ಅದೇ ಸಾಮಾನನ್ನು ಹಿಂಬದಿಗೆ ಕಟ್ಟುವ ಪೆಟ್ಟಿಗೆಯಲ್ಲಿ ಹಾಕಿದರೆ ಶೇ 1ರಿಂದ 5. ತೂಕದ್ದು ಇದಕ್ಕಿಂತ ಚಿಕ್ಕ ಬಾಬತ್ತು, ಸುಮಾರು 45 ಕಿಲೋ ಹೆಚ್ಚಾದರೆ ಶೇ 1ರಷ್ಟು. ಟೈರಿನ ಗಾಳಿ ಒಂದು ಪಿಎಸ್‌ಐ ಇಳಿದರೆ ಶೇ 0.2.

ಎಲ್ಲಕ್ಕಿಂತ ದೊಡ್ಡದು ವೇಗ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 80ರಲ್ಲಿ ಹೋಗುತ್ತಿದ್ದವರು 120ಕ್ಕೆ ಏರಿಸಿದರೆ ವೇಗ ಒಂದೂವರೆ ಪಟ್ಟು, ಗಾಳಿಯ ತಡೆ ಎರಡೂಕಾಲು ಪಟ್ಟು. ಕಾರಿನ ಗೆಳೆಯ 12 ಎಂದದ್ದು ಏರುದಾರಿಗಾಗಿಯೋ ಅವರ ಬಲಗಾಲಿಗಾಗಿಯೋ ಎಂದು ಒಮ್ಮೆ ಕೇಳಿ ನೋಡಿ.

ಗೇರುಬದಲಿ
ಇಡೀ ದಿನ 80ರಲ್ಲಿ ತೆವಳಿದರೆ ಪೆಟ್ರೋಲ್ ಉಳಿಯುತ್ತದೆ, ರಜೆ ಮುಗಿದಿರುತ್ತದೆ. 400 ಕಿ.ಮೀ.ಗೆ 80ರಲ್ಲಿ ಐದು ಗಂಟೆ, 100ರಲ್ಲಿ ನಾಲ್ಕು. ಒಂದು ಗಂಟೆಗೆ ಬೆಲೆ ಇಲ್ಲವೇ?

ನಿಧಾನಗತಿ
ಇದೆ. ಆದರೆ ವೇಗವಾಗಿ ಹೋಗೋಣ ಎಂದು ಎಲ್ಲರೂ ಒಪ್ಪಿದ ಮೇಲೆ ಅದರ ಪೆಟ್ರೋಲನ್ನೂ ಎಲ್ಲರೂ ಹೊರಬೇಕು. ಓಡಿಸುವವರ ಹುಕಿಗೆ ಉಳಿದ ನಾಲ್ವರು ಹಣ ತೆರುವುದು ಬೇರೆ ಮಾತು.

ಚಾಲಕಿ
ನಿಧಾನಗತಿಯವರ ಮಾತಿಗೆ ನನ್ನ ಒಪ್ಪಿಗೆ ಇದೆ. ಇನ್ನೊಂದು ಸೇರಿಸುತ್ತೇನೆ: ಎಸಿ ಹಾಕಬೇಕೋ ಬೇಡವೋ ಎಂಬ ಜಗಳ. ಊರೊಳಗೆ ನಿಧಾನವಾಗಿ ಹೋಗುವಾಗ ಕಿಟಕಿ ತೆರೆಯಿರಿ, ಹೆದ್ದಾರಿಯಲ್ಲಿ ಕಿಟಕಿ ಮುಚ್ಚಿ ಎಸಿ ಹಾಕಿ. ಓಡಿಸುವವರು ಬೆವರಿ ತೂಕಡಿಸುವುದಕ್ಕಿಂತ ಅರ್ಧ ಲೀಟರ್ ಹೆಚ್ಚು ಹೋದರೆ ಹೋಗಲಿ.

ಮತ್ತೆ, ದಿನವಿಡೀ ಸ್ಟಿಯರಿಂಗ್ ಹಿಡಿಯುವವರ ದುಡಿಮೆಯನ್ನು ಇಲ್ಲಿ ಯಾರೂ ಎತ್ತಿಲ್ಲ. ಹಿಂದೆ ಕುಳಿತವರು ಮಲಗಿ ಏಳುತ್ತಾರೆ, ಹಾಡು ಬದಲಿಸುತ್ತಾರೆ, "ಇನ್ನೂ ಎಷ್ಟು ದೂರ" ಎಂದು ಕೇಳುತ್ತಾರೆ. ಓಡಿಸಿದವರಿಗೆ ಕನಿಷ್ಠ ಟೋಲ್ ಶುಲ್ಕದ ಪಾಲನ್ನಾದರೂ ಬಿಡಬೇಕು.

ಕಿಟಕಿಪಕ್ಕ
ಹಾಡಿನ ಅಧಿಕಾರ ಓಡಿಸುವವರಿಗೇ ಇರಬೇಕು, ಇದು ನನ್ನ ಅಚಲ ನಿಲುವು.

ಹಿಂದಿನ_ಸೀಟು
ಹಾಡು ಬಿಡಿ, ಹಂಚಿಕೆಗೆ ಬನ್ನಿ. ಅರ್ಧ ದಾರಿಯಲ್ಲಿ ಹತ್ತಿ, ತಲುಪಿದ ಮೇಲೆ ಉಳಿದುಬಿಡುವ ಆ ಗೆಳತಿಯ ಬಗ್ಗೆ ನನಗೆ ಚಿಂತೆ. 1,200ರಲ್ಲಿ ಅವರು ಕಾರಿನಲ್ಲಿ ಇರುವುದು 400 ಕಿ.ಮೀ. ಮಾತ್ರ. ಸಮಪಾಲು ಎಂದರೆ ಪೂರ್ತಿ ಐದನೇ ಒಂದು ಭಾಗ ಕೊಡಬೇಕು. ವಾಪಸ್ ಬರುವ ಟಿಕೆಟ್ ಬೇರೆ ಅವರೇ ಕೊಳ್ಳಬೇಕು. ಸಂಕೋಚಕ್ಕೆ ಕೊಟ್ಟುಬಿಡುತ್ತಾರೆ, ಆದರೆ ಮುಂದಿನ ಸಲ ಕರೆದರೆ ಬರುವುದಿಲ್ಲ. ಇಂಥ ಸಣ್ಣ ಹಣಕ್ಕೆ ತಂಡ ಒಡೆದದ್ದನ್ನು ಕಂಡಿದ್ದೇನೆ. ಅಲ್ಲಿ ಯಾರೂ ಜಿಪುಣರಾಗಿರಲಿಲ್ಲ. ಕೇಳಲು ಒಬ್ಬರಿಗೂ ಬಾಯಿ ಬರಲಿಲ್ಲ, ಅಷ್ಟೇ.

ಲೆಕ್ಕಿಗ
ದಾರಿಯನ್ನು ತುಂಡು ಮಾಡಿ. ಯಾವ ತುಂಡಿನಲ್ಲಿ ಯಾರು ಇದ್ದರೋ ಆ ತುಂಡಿನ ಖರ್ಚು ಅವರ ನಡುವೆ ಸಮ. ವಿಧಾನ ತಿಳಿಯಲೆಂದು ಎಲ್ಲ ಕಡೆಯೂ 16 ಕಿ.ಮೀ. ಎಂದೇ ಇಟ್ಟುಕೊಂಡು 75 ಲೀಟರ್ ಹಂಚಿ ತೋರಿಸುತ್ತೇನೆ.

ಮೊದಲ 200 ಕಿ.ಮೀ.: 12.5 ಲೀಟರ್, ಮೂವರು, ತಲಾ 4.17.
ಮುಂದಿನ 400: 25 ಲೀಟರ್, ಐವರು, ತಲಾ 5.
ವಾಪಸ್ 400: 25 ಲೀಟರ್, ನಾಲ್ವರು, ತಲಾ 6.25.
ಕೊನೆಯ 200: 12.5 ಲೀಟರ್, ಮೂವರು, ತಲಾ 4.17.

ಮೊದಲಿನಿಂದ ಕೊನೆಯವರೆಗೆ ಇರುವ ಮೂವರಿಗೆ ತಲಾ 19.58 ಲೀಟರ್. ನಡುವೆ ಹತ್ತಿ ಅಲ್ಲೇ ಇಳಿಯುವ ಗೆಳೆಯನಿಗೆ 11.25. ಅಲ್ಲೇ ಉಳಿಯುವ ಗೆಳತಿಗೆ 5. ಸಮಪಾಲಾಗಿದ್ದರೆ ಆಕೆಗೆ 15 ಬೀಳುತ್ತಿತ್ತು. ಮೂರು ಪಟ್ಟು!

ಗೇರುಬದಲಿ
ಒಪ್ಪಿದೆ, ಮೂರು ಪಟ್ಟು ಹೆಚ್ಚಾಯಿತು. ಸಮಪಾಲಿನ ಮಾತನ್ನು ಬಿಟ್ಟಿದ್ದೇನೆ.

ವರ್ತುಲ
ಲೆಕ್ಕಿಗರ ವಿಧಾನದಲ್ಲಿ ಒಂದು ಕೊಂಕಿದೆ. ಅದೇ 400 ಕಿ.ಮೀ., ಅದೇ ಸೀಟು. ಹೋಗುವಾಗ 5 ಲೀಟರ್, ಬರುವಾಗ 6.25. ಗೆಳತಿ ಉಳಿದುಕೊಂಡದ್ದಕ್ಕೆ ಉಳಿದ ನಾಲ್ವರು ಏಕೆ ಹೆಚ್ಚು ತೆರಬೇಕು? ಪ್ರತಿಯೊಬ್ಬರೂ ಕುಳಿತ ಕಿಲೋಮೀಟರುಗಳನ್ನು ಕೂಡಿಸಿ. ಮೂವರಿಗೆ ತಲಾ 1,200, ಒಬ್ಬನಿಗೆ 800, ಒಬ್ಬಳಿಗೆ 400, ಒಟ್ಟು 4,800. ಆ ಪ್ರಮಾಣದಲ್ಲಿ 75 ಲೀಟರನ್ನು ಹಂಚಿದರೆ ಮೂವರಿಗೆ 18.75, ಗೆಳೆಯನಿಗೆ 12.5, ಗೆಳತಿಗೆ 6.25. ಒಂದು ಕಿಲೋಮೀಟರಿಗೆ ಎಲ್ಲರಿಗೂ ಒಂದೇ ದರ. ಯಾರಿಗೆ ಬೇಕಾದರೂ ಒಂದೇ ಸಾಲಿನಲ್ಲಿ ವಿವರಿಸಬಹುದು.

ಹಿಂದಿನ_ಸೀಟು
ಹಾಗೆ ಮಾಡಿದರೆ ಮೂವರೇ ಹೋದ 400 ಕಿ.ಮೀ.ಗೂ ಗೆಳತಿಯಿಂದ ಸ್ವಲ್ಪ ಹಣ ಕೀಳುತ್ತೀರಿ. ಆ ದಾರಿಯಲ್ಲಿ ಆಕೆ ಇರಲೇ ಇಲ್ಲ.

ವರ್ತುಲ
ಕಾರು ಅಷ್ಟು ದೂರ ಬಂದದ್ದರಿಂದಲೇ ಆಕೆಗೆ ಸೀಟು ಸಿಕ್ಕಿತು.

ಹಿಂದಿನ_ಸೀಟು
ಆಕೆ ಬರದಿದ್ದರೂ ಕಾರು ಬರುತ್ತಿತ್ತು.

ಆರ್ಥಿಕ_ನೋಟ
ಈ ಜಗಳಕ್ಕೆ ವಯಸ್ಸಾಗಿದೆ. ಸೇರಿ ಮಾಡಿದ ಖರ್ಚನ್ನು ನ್ಯಾಯವಾಗಿ ಹಂಚುವ ಒಂದು ಸೂತ್ರವನ್ನು ಲಾಯ್ಡ್ ಶಾಪ್ಲಿ 1953ರಲ್ಲಿ ಕೊಟ್ಟರು. 2012ರಲ್ಲಿ ಅವರಿಗೆ ಆಲ್ವಿನ್ ರಾತ್ ಜೊತೆಗೆ ಅರ್ಥಶಾಸ್ತ್ರದ ನೊಬೆಲ್ ಬಂತು. 1973ರಲ್ಲಿ ಲಿಟಲ್‌ಚೈಲ್ಡ್ ಮತ್ತು ಓವೆನ್ ಅದನ್ನು ವಿಮಾನ ನಿಲ್ದಾಣದ ರನ್‌ವೇಗೆ ಹೊಂದಿಸಿದರು. ಸಣ್ಣ ವಿಮಾನಕ್ಕೆ ಗಿಡ್ಡ ರನ್‌ವೇ ಸಾಕು, ದೊಡ್ಡದಕ್ಕೆ ಉದ್ದ ಬೇಕು. ಮೊದಲ ತುಂಡಿನ ಖರ್ಚನ್ನು ಎಲ್ಲರೂ ಹೊರಬೇಕು, ಮುಂದಿನ ತುಂಡನ್ನು ಅದನ್ನು ಬಳಸುವವರು ಮಾತ್ರ. ಲೆಕ್ಕಿಗರು ಮಾಡಿದ್ದೂ ಅದನ್ನೇ. ಎಷ್ಟು ಜನ ಕುಳಿತರೂ ಒಂದು ತುಂಡಿನ ಪೆಟ್ರೋಲ್ ಅಷ್ಟೇ ಎಂದು ಒಪ್ಪುವುದಾದರೆ ತುಂಡುಗಳ ಹಂಚಿಕೆ ಶಾಪ್ಲಿಯ ಸೂತ್ರಕ್ಕೆ ಸರಿಯಾಗಿ ಕೂರುತ್ತದೆ.

ಆದರೂ ವರ್ತುಲ ಅವರ ವಿಧಾನವನ್ನು ತಳ್ಳಿಹಾಕುವುದಿಲ್ಲ. ಒಂದೂಕಾಲು ಲೀಟರಿನ ವ್ಯತ್ಯಾಸಕ್ಕೆ ಸುಲಭವಾಗಿ ಅರ್ಥವಾಗುವ ನಿಯಮ ಸಿಗುತ್ತದೆ ಎಂದರೆ ಅದೂ ಬೆಲೆಯುಳ್ಳದ್ದೇ.

ತಾಳ್ಮೆಯ_ಚಕ್ರ
ಆ ಇಬ್ಬರನ್ನು ಹತ್ತಿಸಿಕೊಳ್ಳಲು ಹೆದ್ದಾರಿ ಬಿಟ್ಟು ಒಳಗೆ ಹೋಗಬೇಕೇ, ದಾರಿಹೋಕರೇ? ಹೋಗಬೇಕಾದರೆ ಆ ಸುತ್ತು ಯಾರ ಲೆಕ್ಕಕ್ಕೆ?

ದಾರಿಹೋಕ
ಒಳಗೆ 15 ಕಿ.ಮೀ., ಮತ್ತೆ ಹೊರಗೆ 15. ಹೋಗುವಾಗಲೂ ಬರುವಾಗಲೂ.

ತಾಳ್ಮೆಯ_ಚಕ್ರ
ಅಂದರೆ ಒಟ್ಟು 60 ಕಿ.ಮೀ. ಲೀಟರಿಗೆ 15 ಎಂದು ಹಿಡಿದರೂ ನಾಲ್ಕು ಲೀಟರ್. ನಿಮ್ಮ ಅಂದಾಜಿನಲ್ಲಿ ಇದು ಬಂದೇ ಇಲ್ಲ! ತಲುಪಿದ ಮೇಲೆ ಊರೊಳಗೆ ತಿರುಗುವುದೂ ಬಂದಿಲ್ಲ. ನಕ್ಷೆ ತೋರಿಸುವ ದೂರದ ಮೇಲೆ ಶೇ 10 ಸೇರಿಸಿಯೇ ಹೊರಡಿ. ಸುತ್ತಿನ ಪೆಟ್ರೋಲನ್ನು ಆ ಇಬ್ಬರೇ ಹೊರುವುದು ಸರಿ. ಅದು ಬೇಡ ಎಂದರೆ ಅವರು ಹೆದ್ದಾರಿಗೇ ಬಂದು ನಿಲ್ಲಲಿ.

ಚಾಲಕಿ
ರಾತ್ರಿ ಹೊತ್ತು ಹೆದ್ದಾರಿಯಲ್ಲಿ ಯಾರನ್ನೂ ನಿಲ್ಲಿಸಬೇಡಿ. ನಾಲ್ಕು ಲೀಟರ್ ದೊಡ್ಡದಲ್ಲ.

ಮೈಲಿಗಲ್ಲು
ಕಾರಿನ ಸವೆತದ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಪೆಟ್ರೋಲ್ ಕಣ್ಣಿಗೆ ಕಾಣುವ ಖರ್ಚು. ಟೈರು, ಬ್ರೇಕ್ ಪ್ಯಾಡ್, ಆಯಿಲ್, ಸರ್ವಿಸ್, ಗಾಡಿಯ ಬೆಲೆ ಇಳಿಯುವುದು, ಇವು ಕಾಣದಂತೆ ಕಿಲೋಮೀಟರಿಗೆ ಇಷ್ಟಿಷ್ಟು ಎಂದು ಹೋಗುತ್ತಲೇ ಇರುತ್ತವೆ. ಕಾರು ಕೊಟ್ಟವರಿಗೆ ಪೆಟ್ರೋಲಿನಲ್ಲೂ ಸಮಪಾಲು ಹಾಕಿದರೆ ಎಲ್ಲರಿಗಿಂತ ಹೆಚ್ಚು ತೆತ್ತವರು ಅವರೇ.

ನಾನು ಹೇಳುವ ನಿಯಮ ಒಂದೇ: ಮಾಲೀಕರನ್ನು ಪೆಟ್ರೋಲ್ ಪಾಲಿನಿಂದ ಬಿಟ್ಟುಬಿಡಿ. ತುಂಡಿನ ಲೆಕ್ಕದಲ್ಲಿ ಅವರ ಪಾಲು 19.58 ಲೀಟರ್, ಅಂದರೆ ಒಟ್ಟು ಪೆಟ್ರೋಲಿನ ಸುಮಾರು ಶೇ 26. ಅದೇ ಸವೆತದ ಹಣ. ಬೇರೆ ಲೆಕ್ಕವೇ ಬೇಡ, ಅವರು ಬಾಯಿ ಬಿಟ್ಟು ಕೇಳುವ ಮುಜುಗರವೂ ಇಲ್ಲ.

ಗೇರುಬದಲಿ
ಕಾರು ಮನೆಯಲ್ಲಿ ನಿಂತರೂ ಹಳೆಯದಾಗುತ್ತದೆ. ಅವರೂ ಪ್ರವಾಸದ ಸುಖ ಅನುಭವಿಸುತ್ತಾರಲ್ಲವೇ? ಪೂರ್ತಿ ಬಿಡುವುದು ಅತಿಯಾಯಿತು. ಅರ್ಧ ಬಿಡಿ.

ಮೈಲಿಗಲ್ಲು
ನಿಂತರೆ ಟೈರು ಸವೆಯುವುದಿಲ್ಲ.

ವಿಮೆ_ವಿಚಾರ
ಅರ್ಧವೋ ಪೂರ್ತಿಯೋ ನಿಮ್ಮಿಷ್ಟ, ಲಾಭದ ಗೆರೆ ಮಾತ್ರ ದಾಟಬೇಡಿ. ಖರ್ಚು ಹಂಚಿಕೊಳ್ಳುವುದು ಬೇರೆ, ಬಾಡಿಗೆಗೆ ಕರೆದೊಯ್ಯುವುದು ಬೇರೆ. ಖಾಸಗಿ ಬಳಕೆಯ ವಿಮೆ ಎರಡನೆಯದಕ್ಕೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಬ್ರಿಟನ್ನಿನ 1988ರ ರಸ್ತೆ ಸಂಚಾರ ಕಾಯ್ದೆಯ 150ನೇ ಕಲಮು ಇದನ್ನು ಚೆನ್ನಾಗಿ ಬಿಡಿಸಿ ಹೇಳುತ್ತದೆ: ಒಟ್ಟು ಸಂಗ್ರಹಿಸಿದ ಹಣ ಗಾಡಿ ಓಡಿಸುವ ಖರ್ಚನ್ನು ಮೀರಬಾರದು, ಆ ಖರ್ಚಿನಲ್ಲಿ ಸವೆತ ಮತ್ತು ಬೆಲೆ ಇಳಿಕೆಯನ್ನೂ ಸೇರಿಸಬಹುದು, ಮತ್ತು ಹಣದ ಮಾತು ಪ್ರಯಾಣ ಹೊರಡುವ ಮೊದಲೇ ಆಗಿರಬೇಕು. ನಿಮ್ಮಲ್ಲಿ ನಿಯಮ ಏನೇ ಇರಲಿ, ಪಾಲಿಸಿಯ ಪತ್ರವನ್ನು ಒಮ್ಮೆ ತೆಗೆದು ಓದಿ. ಓಡಿಸಲು ಸರದಿ ಮಾಡಿಕೊಳ್ಳುವುದಾದರೆ, ಬೇರೆಯವರು ಓಡಿಸುವಾಗಲೂ ವಿಮೆ ಅನ್ವಯಿಸುತ್ತದೆಯೇ ಎಂಬುದನ್ನೂ ನೋಡಿಕೊಳ್ಳಿ.

ಕಿಟಕಿಪಕ್ಕ
ಪಂಕ್ಚರ್ ಆದರೆ? ದಂಡ ಬಿದ್ದರೆ?

ಚಾಲಕಿ
ದಾರಿಯಲ್ಲಿ ಮೊಳೆ ಚುಚ್ಚಿದರೆ ಕಾರಿನಲ್ಲಿದ್ದವರೆಲ್ಲರದು. ಸವೆದು ನುಣುಪಾದ ಟೈರು ಒಡೆದರೆ ಮಾಲೀಕರದು. ವೇಗಕ್ಕೆ ಬಿದ್ದ ದಂಡ ಆಗ ಸ್ಟಿಯರಿಂಗ್ ಹಿಡಿದವರದು. ಇದರಲ್ಲಿ ನನಗೆ ರಾಜಿಯಿಲ್ಲ.

ಬೆಳಗಿನ_ಸವಾರಿ
ನಮ್ಮದು ವಿದ್ಯುತ್ ಕಾರು. ಇದೇ ಲೆಕ್ಕ ನಡೆಯುತ್ತದೆಯೇ?

ಲೆಕ್ಕಿಗ
ನಡೆಯುತ್ತದೆ, ಲೀಟರ್ ಬದಲು ಯೂನಿಟ್. ಎರಡು ಎಚ್ಚರಿಕೆ. ಚಾರ್ಜ್ ಆಗುವಾಗ ಒಂದಿಷ್ಟು ನಷ್ಟವಾಗುತ್ತದೆ, ಆದ್ದರಿಂದ ಕಾರಿನ ಪರದೆಯ ಅಂಕಿ ಬಿಟ್ಟು ಮೀಟರಿನಲ್ಲಿ ಎಳೆದ ಯೂನಿಟ್ಟಿಗೆ ಹಣ ಹಂಚಿ. ಇನ್ನೊಂದು, ಮನೆಯಲ್ಲಿ ತುಂಬಿಸಿಕೊಂಡು ಹೊರಟ ಮೊದಲ ಚಾರ್ಜನ್ನು ಮರೆಯುವವರೇ ಹೆಚ್ಚು. ಪೆಟ್ರೋಲಿಗೂ ಅದೇ ಮಾತು: ಟ್ಯಾಂಕ್ ತುಂಬಿಸಿ ಹೊರಡಿ, ಬಂದಿಳಿದ ದಿನ ಮತ್ತೆ ತುಂಬಿಸಿ. ಮೊದಲ ಟ್ಯಾಂಕ್ ಮಾಲೀಕರದು, ಅಲ್ಲಿಂದ ಮುಂದೆ ಕೊನೆಯವರೆಗೆ ತುಂಬಿಸಿದ್ದೆಲ್ಲ ಪ್ರವಾಸದ್ದು.

ತಾಳ್ಮೆಯ_ಚಕ್ರ
ರಸೀದಿ ಜೋಪಾನ. ಬಂಕಿನ ರಸೀದಿ ಬಿಸಿಗೆ ಬಣ್ಣ ಬದಲಿಸುವ ಕಾಗದ, ಬಿಸಿಲು ಬೀಳುವ ಡ್ಯಾಶ್‌ಬೋರ್ಡ್ ಮೇಲೆ ಇಟ್ಟರೆ ಕಾಗದವೆಲ್ಲ ಕಪ್ಪಾಗಿ ಒಂದು ಅಂಕಿಯೂ ಓದಲು ಬರುವುದಿಲ್ಲ. ತುಂಬಿಸಿದ ಕೂಡಲೇ ರಸೀದಿಯನ್ನೂ ಓಡೋಮೀಟರನ್ನೂ ಒಂದೇ ಫೋಟೋದಲ್ಲಿ ಹಿಡಿದು ಗುಂಪಿಗೆ ಕಳುಹಿಸಿ. ದಿನದ ಕೊನೆಗೆ "ಆ ಬಂಕಿನಲ್ಲಿ ಎಷ್ಟು ಹಾಕಿಸಿದೆವು" ಎಂಬ ಪ್ರಶ್ನೆಯೇ ಏಳುವುದಿಲ್ಲ.

ಚುಕ್ತಾ ಮಾಡುವಾಗ ಒಬ್ಬೊಬ್ಬರೂ ಪ್ರತಿಯೊಬ್ಬರಿಗೂ ಕೊಡುತ್ತಾ ಕೂರಬೇಡಿ. ಯಾರು ಎಷ್ಟು ಹೆಚ್ಚು ಹಾಕಿದ್ದಾರೆ, ಯಾರು ಎಷ್ಟು ಕಡಿಮೆ ಎಂದು ಮೊದಲು ನೋಡಿ. ಐವರ ಗುಂಪಿನಲ್ಲಿ ಹೆಚ್ಚೆಂದರೆ ನಾಲ್ಕು ಪಾವತಿಗಳಲ್ಲಿ ಎಲ್ಲ ಮುಗಿಯುತ್ತದೆ.

ದಾರಿಹೋಕ
ಎಲ್ಲರಿಗೂ ಧನ್ಯವಾದ. ಗುಂಪಿಗೆ ಈಗಷ್ಟೇ ಬರೆದೆ: ಸುತ್ತು ಸೇರಿ 84 ಲೀಟರ್, ಮೇಲೆ ಶೇ 10 ಕೈಯಲ್ಲಿ, ಹಂಚಿಕೆ ತುಂಡಿನ ಲೆಕ್ಕ, ಸುತ್ತು ಎಲ್ಲರದು, ಕಾರಿನವನ ಪಾಲು ಪೂರ್ತಿ ಬಿಟ್ಟಿದೆ. ಗೆಳತಿ ಕೂಡಲೇ ಒಪ್ಪಿದಳು. ಕಾರಿನವನು ಮಾತ್ರ ತನ್ನ ಪಾಲು ತಾನು ಕೊಟ್ಟೇ ಕೊಡುತ್ತೇನೆ ಎಂದು ಹಟ ಹಿಡಿದಿದ್ದಾನೆ.

ಗೇರುಬದಲಿ
ಅರ್ಧಕ್ಕೆ ಒಪ್ಪಿಸಿ. ಮೊದಲೇ ಹೇಳಿದ್ದೆ.

ನಿಧಾನಗತಿ
ಚಾವಣಿಯ ಕ್ಯಾರಿಯರ್ ಬಿಚ್ಚಿಡಲು ಸಾಧ್ಯವೇ ಎಂದೂ ಕೇಳಿ, ಆ 84 ಇನ್ನೂ ಇಳಿಯುತ್ತದೆ. ಹೊರಡುವ ಹಿಂದಿನ ದಿನ ಟೈರು ತಣ್ಣಗಿರುವಾಗ ಗಾಳಿ ನೋಡಿಸಿ. ಐವರ ಭಾರಕ್ಕೆ ಎಷ್ಟು ಒತ್ತಡ ಬೇಕು ಎಂಬುದು ಬಾಗಿಲ ಪಕ್ಕದ ಚೀಟಿಯಲ್ಲಿ ಬೇರೆಯಾಗಿಯೇ ಬರೆದಿರಬಹುದು. ಸ್ಟೆಪ್ನಿಯನ್ನೂ ಮರೆಯಬೇಡಿ.